ಉಳಿದ ನಿಮಿಷ ಯಾರದು?



ಸಾಕಿನಾಕೆಯ ಒಂದು ಲೇಥ್ ಕಾರ್ಖಾನೆಯಲ್ಲಿ ಪೀಸಿನ ಲೆಕ್ಕದಲ್ಲಿ ದುಡಿಯುವ ನಮ್ಮ ನಾಲ್ವರು ಟರ್ನರುಗಳು ಕಳೆದ ತಿಂಗಳು ಸಂಘದ ಕಚೇರಿಗೆ ಬಂದಿದ್ದರು. ಅವರ ಸೇಠರು ಲೇಥುಗಳಿಗೆ ‘ಕ್ವಿಕ್ ಚೇಂಜ್’ ಟೂಲ್ ಪೋಸ್ಟ್ ಕೂರಿಸಿದ್ದಾರೆ. ಕೂರಿಸಿದ ವಾರದಲ್ಲಿಯೇ, “ಇನ್ನು ಕೆಲಸ ಬೇಗ ಆಗುತ್ತದೆ, ಆದುದರಿಂದ ಪೀಸಿನ ದರ ಇಳಿಸುತ್ತೇನೆ” ಎಂದರಂತೆ. ನಾಲ್ವರಲ್ಲಿ ಇಬ್ಬರು, “ಆ ಪೋಸ್ಟನ್ನೇ ಕಿತ್ತು ಹಾಕಿಸಿ” ಎಂದು ಪಟ್ಟು ಹಿಡಿದರು. ಅದು ಸರಿಯಾದ ದಾರಿಯಲ್ಲವೆಂದು ನನ್ನ ಅಭಿಪ್ರಾಯ.

ನಾನು ಲೇಥಿನವನಲ್ಲ. ಎಂಟನೆಯ ತರಗತಿ ಮುಗಿಸಿ, ಊರು ಬಿಟ್ಟು ಬಂದು, ಹೋಟೆಲಿನಲ್ಲಿ ಹಿಟ್ಟು ರುಬ್ಬಿದವನು. ತಿಳಿಯದ ವಿಷಯದಲ್ಲಿ ವಾದಕ್ಕೆ ಇಳಿಯಬಾರದೆಂದು, ಅಂಥ ಪೋಸ್ಟ್ ಇರುವ ಇನ್ನೊಬ್ಬ ಸದಸ್ಯರ ಗಾಲಾದಲ್ಲಿ ಹತ್ತು ಸಂಜೆ ಲೇಥಿನ ಪಕ್ಕ ನಿಂತು, ನೋಡಿ ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಹೋಟೆಲಿನ ಗೆಳೆಯರಿಗೆ ಎರಡು ಮಾತು. ಲೇಥಿನಲ್ಲಿ ಕಬ್ಬಿಣದ ಸರಳು ತಿರುಗುತ್ತದೆ, ಟೂಲು ಅದನ್ನು ಕೊರೆಯುತ್ತದೆ. ಟೂಲನ್ನು ಬಿಗಿಯಾಗಿ ಹಿಡಿಯುವುದೇ ಟೂಲ್ ಪೋಸ್ಟ್. ಟೂಲಿನ ಮೊನೆ ಸರಳಿನ ನಟ್ಟನಡುವಿನ ಎತ್ತರಕ್ಕೆ, ಅಂದರೆ ಸೆಂಟರಿಗೆ, ನಿಲ್ಲಬೇಕು. ಮೇಲಾದರೆ ಕೊರೆಯುವ ಬದಲು ಉಜ್ಜುತ್ತದೆ. ಕೆಳಗಾದರೆ, ಸರಳಿನ ತುದಿಯನ್ನು ಫೇಸಿಂಗ್ ಮಾಡಿದಾಗ ನಡುವೆ ಒಂದು ಮೊಳೆಯಂಥ ಚೂರು ಉಳಿದುಬಿಡುತ್ತದೆ.

ಹಳೆಯ ನಾಲ್ಕು ಮುಖದ ಪೋಸ್ಟಿನಲ್ಲಿ ಈ ಎತ್ತರಕ್ಕಾಗಿ ಟೂಲಿನ ಅಡಿಗೆ ತಗಡಿನ ಪ್ಯಾಕಿಂಗ್ ಕೊಡಬೇಕು. ಟೂಲಿನ ಮೇಲ್ಮೈಯನ್ನು ಸಾಣೆ ಹಿಡಿದರೆ ಮೊನೆ ಇಳಿಯುತ್ತದೆ. ಮತ್ತೆ ತಗಡು ಹುಡುಕಬೇಕು, ಮತ್ತೆ ಬೋಲ್ಟು ಬಿಗಿಯಬೇಕು. ಹೊಸ ಬಗೆಯಲ್ಲಿ ಪ್ರತಿಯೊಂದು ಟೂಲಿಗೂ ಬೇರೆ ಹೋಲ್ಡರು. ಹೋಲ್ಡರಿನ ಮೇಲಿರುವ ನಟ್ಟು ತಿರುಗಿಸಿ ಒಮ್ಮೆ ಎತ್ತರ ಗೊತ್ತುಮಾಡಿಟ್ಟರೆ ಸಾಕು. ಮೇಲಿನಿಂದ ಜಾರಿಸಿ, ಹಿಡಿ ಎಳೆದರೆ ಕೆಲಸಕ್ಕೆ ಸಿದ್ಧ.

ಇದರಿಂದ ಎಲ್ಲ ಕೆಲಸದಲ್ಲಿಯೂ ಸಮಯ ಉಳಿಯುತ್ತದೆಂಬುದು ಸುಳ್ಳು. ನಾಲ್ಕು ಟೂಲಿನೊಳಗೆ ಮುಗಿಯುವ ಜಾಬಿಗೆ ಹಳೆಯ ಪೋಸ್ಟೇ ಸಾಕು, ಸಡಿಲಿಸಿ ತಿರುಗಿಸಿದರಾಯಿತು. ದಿನವಿಡೀ ಒಂದೇ ಟೂಲಿನಲ್ಲಿ ಕೊರೆಯುವವನಿಗೆ ಹೊಸ ಪೋಸ್ಟಿನಿಂದ ಏನೂ ಉಳಿಯದು. ಆದರೆ ಬೋರಿಂಗ್, ಥ್ರೆಡ್ಡಿಂಗ್, ಪಾರ್ಟಿಂಗ್ ಎಂದು ಆರು ಟೂಲು ಬೇಕಾದ ಜಾಬಿನಲ್ಲಿ, ಮೊಬೈಲಿನ ಗಡಿಯಾರ ಹಿಡಿದು ನಾನು ನೋಡಿದಾಗ, ಸುಮಾರು ನಾಲ್ಕು ನಿಮಿಷ ಉಳಿಯಿತು. ದಿನಕ್ಕೆ 15 ಜಾಬು ಎಂದರೆ ಒಂದು ಗಂಟೆ. ಎಲ್ಲ ಜಾಬಿಗೂ ಒಂದೇ ಅಳತೆಯಲ್ಲಿ ದರ ಕತ್ತರಿಸುವುದು ಎಷ್ಟು ಅನ್ಯಾಯವೆಂಬುದು ಇದರಿಂದಲೇ ಗೊತ್ತಾಗುತ್ತದೆ.

ಪೋಸ್ಟನ್ನು ಆರಿಸುವಾಗಲೂ ದುಡಿಯುವವನನ್ನು ಕೇಳಬೇಕು. ದೊಡ್ಡದು ಗಟ್ಟಿಯೆಂದು ಸೇಠರು ದೊಡ್ಡದನ್ನೇ ತರುತ್ತಾರೆ. ಮೊದಲು ಅಳೆಯಬೇಕಾದದ್ದು ಕಾಂಪೌಂಡ್ ಸ್ಲೈಡಿನ ಮೇಲ್ಮೈಯಿಂದ ಸೆಂಟರಿನವರೆಗಿನ ಎತ್ತರ. ಹೋಲ್ಡರನ್ನು ಪೂರ್ತಿ ಇಳಿಸಿದಾಗಲೂ ಅದರ ತಳದ ದಪ್ಪ ಮತ್ತು ಟೂಲಿನ ದಪ್ಪ ಸೇರಿ ಈ ಎತ್ತರವನ್ನು ಮೀರಿದರೆ, ಮೊನೆ ಸೆಂಟರಿಗೆ ಇಳಿಯುವುದೇ ಇಲ್ಲ. ಕೊಟ್ಟ ಹಣ ನೀರುಪಾಲು. ಅಂಗಡಿಯಲ್ಲಿ ಸಿಗುವ ಎ.ಎಕ್ಸ್.ಎ. ಅಳತೆ 12 ಇಂಚು ಸ್ವಿಂಗಿನವರೆಗಿನ ಲೇಥಿಗೆ, ಬಿ.ಎಕ್ಸ್.ಎ. 15 ಇಂಚಿನವರೆಗೆ ಎಂಬುದು ಅಂದಾಜು ಮಾತ್ರ. ಅಳೆಯದೆ ಕೊಳ್ಳಬಾರದು.

ಬಿಗಿಯುವುದರಲ್ಲಿ ಪಿಸ್ಟನ್ ಮತ್ತು ವೆಡ್ಜ್ ಎಂಬ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಪಿಸ್ಟನ್ ಅಗ್ಗ, ಅದು ಹೋಲ್ಡರನ್ನು ಹೊರಕ್ಕೆ ಒತ್ತಿ ಹಿಡಿಯುತ್ತದೆ. ವೆಡ್ಜ್ ಹೋಲ್ಡರನ್ನು ಪೋಸ್ಟಿನ ಮೈಗೆ ಎಳೆದು ಹಿಡಿಯುವುದರಿಂದ, ತೆಗೆದು ಹಾಕಿದರೂ ಟೂಲು ಅದೇ ಜಾಗಕ್ಕೆ ಬರುತ್ತದೆ. ನಿಖರ ಕೆಲಸಕ್ಕೆ ಅದೇ ಮೇಲು. ಹಣ ಮಿಕ್ಕರೆ ಹೋಲ್ಡರುಗಳನ್ನು ಹೆಚ್ಚು ಕೊಳ್ಳಬೇಕು. ಎರಡೇ ಹೋಲ್ಡರಿದ್ದರೆ ಟೂಲನ್ನು ಬಿಚ್ಚಿ ಕಟ್ಟುವ ಹಳೆಯ ಪಾಡೇ ಉಳಿಯುತ್ತದೆ. ಪೋಸ್ಟಿನ ಬೋಲ್ಟು ಟಿ-ನಟ್ಟನ್ನು ದಾಟಿ ತಳಕ್ಕೆ ಒತ್ತಬಾರದು. ಒತ್ತಿದರೆ ಬೀಡಿನ ಸ್ಲೈಡು ಸೀಳುತ್ತದೆ. ಲೇಥು ನಿಲ್ಲಿಸದೆ ಯಾರೂ ಹೋಲ್ಡರಿಗೆ ಕೈ ಹಾಕಬಾರದು. ಅವಸರದಲ್ಲಿ ಉಳಿಸಿದ ಅರ್ಧ ನಿಮಿಷಕ್ಕೆ ಬೆರಳು ತೆರಬೇಕಾದೀತು.

ಇನ್ನು ಮುಖ್ಯ ಮಾತು. ನಾನಿದ್ದ ಹೋಟೆಲಿಗೆ ವಾಲಿಸಿ ಸುರಿಯುವ ಗ್ರೈಂಡರ್ ಬಂದಾಗ ನನ್ನಷ್ಟು ಹಿಗ್ಗಿದವರಿಲ್ಲ. ಕಲ್ಲು ಎತ್ತಿಡುವ ಕಷ್ಟ ತಪ್ಪಿತು. ಆದರೆ ಉಳಿದ ಒಂದು ಗಂಟೆಗೆ ಪಾತ್ರೆ ತೊಳೆಯುವ ಕೆಲಸ ಸೇರಿತು. ಸಂಬಳಕ್ಕೆ ಒಂದು ಕಾಸೂ ಸೇರಲಿಲ್ಲ. ತಪ್ಪು ಗ್ರೈಂಡರಿನದಲ್ಲ, ಕೇಳದೆ ಸುಮ್ಮನಿದ್ದ ನಮ್ಮದೂ ಹೌದು.

ಗಿರಣಿಯ ಹಿರಿಯರಿಗೆ ಈ ಪ್ರಶ್ನೆ ಹೊಸದಲ್ಲ. 1928ರ ಮುಂಬಯಿ ಗಿರಣಿ ಮುಷ್ಕರದ ಹಿಂದೆಯೂ, ಒಬ್ಬನೇ ಹೆಚ್ಚು ಮಗ್ಗ ನೋಡಬೇಕೆಂಬ ಹೊಸ ಪದ್ಧತಿಯ ಮೇಲಿನ ಸಿಟ್ಟಿತ್ತು. 1957ರಲ್ಲಿ ದೆಹಲಿಯಲ್ಲಿ ಕೂಡಿದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತು ಒಪ್ಪಿದ ತತ್ತ್ವವಿದೆ: ಹೊಸ ವಿಧಾನ ತಂದರೆ ಕೆಲಸಗಾರನ ಕೆಲಸವೂ ಗಳಿಕೆಯೂ ಹೋಗಕೂಡದು, ಲಾಭವನ್ನು ಸಮಾಜ, ಮಾಲೀಕ, ಕಾರ್ಮಿಕ ಮೂವರಲ್ಲಿ ನ್ಯಾಯವಾಗಿ ಹಂಚಬೇಕು. ಗಿರಣಿಗಳು ಮುಚ್ಚಿಹೋದವು, ಆ ಮಾತು ಮುಚ್ಚಿಹೋಗಿಲ್ಲ.

ಸೇಠರೂ ಹಣ ಹಾಕಿದ್ದಾರೆ, ಒಪ್ಪೋಣ. ಸಣ್ಣ ಗಾಲಾದ ಸೇಠರು ಕೋಟ್ಯಧೀಶರೂ ಅಲ್ಲ. ಆದರೆ ಹಳೆಯ ದರದಲ್ಲಿಯೇ ದಿನಕ್ಕೆ ಎರಡು ಜಾಬು ಹೆಚ್ಚಾದರೆ, ಅವರಿಗೆ ಮಾರಲು ಮಾಲು ಹೆಚ್ಚು, ನಮಗೆ ಕೂಲಿ ಹೆಚ್ಚು. ದರ ಇಳಿಸಿದರೆ ಲಾಭವೆಲ್ಲ ಒಂದೇ ಕಡೆಗೆ.

ಆದುದರಿಂದ ನಾಲ್ವರಿಗೂ ನಾನು ಹೇಳಿದ್ದಿಷ್ಟು. ಪೋಸ್ಟನ್ನು ಬೇಡವೆನ್ನಬೇಡಿ, ಚೆನ್ನಾಗಿ ಕಲಿಯಿರಿ, ಹೆಲ್ಪರ್ ಹುಡುಗರಿಗೂ ಕಲಿಸಿರಿ. ಒಂದು ತಿಂಗಳು ದರ ಮುಟ್ಟಬಾರದೆಂದು ಕೇಳಿರಿ. ಆ ತಿಂಗಳು ಯಾವ ಜಾಬಿಗೆ ಎಷ್ಟು ಟೂಲು, ಎಷ್ಟು ನಿಮಿಷ ಎಂದು ದಿನವೂ ನೋಟುಬುಕ್ಕಿನಲ್ಲಿ ಬರೆದಿಡಿರಿ. ಆ ಪುಸ್ತಕ ಹಿಡಿದು ಸೇಠರ ಮುಂದೆ ಕೂರೋಣ; ಸಂಘದ ಪರವಾಗಿ ನಾನೂ ಬರುತ್ತೇನೆ.

ನಾಲ್ವರೂ ಒಪ್ಪಿದ್ದಾರೆ. ಇಂಥದೇ ಪ್ರಸಂಗ ಎದುರಾದ ಬೇರೆ ಬಂಧುಗಳೂ, ಅದು ಲೇಥಾಗಲಿ ಗ್ರೈಂಡರಾಗಲಿ, ಇಂದೇ ಬರೆದಿಡಲು ಮೊದಲುಮಾಡಿರಿ. ಲೆಕ್ಕ ಸೇಠರ ಬಳಿ ಮಾತ್ರ ಇದ್ದರೆ, ಉಳಿದ ನಿಮಿಷವೂ ಸೇಠರದೇ ಆಗುತ್ತದೆ.