ಹಂಡೆಯೋ, ಗೀಸರೋ, ಹೀಟ್ ಪಂಪೋ?

"ಹಂಡೆ ಒಲೆ ತೆಗೆಸಿ ಗೀಸರ್ ಹಾಕಿಸೋಣ ಅಂತಾರೆ ನಮ್ಮನೆಯವರು. ಬಿಲ್ ಎಷ್ಟಾದೀತೋ?" ಎಂದು ಮರಳೂರಿನ ಸೋದರಿಯೊಬ್ಬರು ಕೇಳಿದ್ದಾರೆ.

ನಿಮ್ಮ ಅಳುಕು ಸುಳ್ಳಲ್ಲಮ್ಮ. ನಾಲ್ವರ ಸ್ನಾನಕ್ಕೆ ನಾಲ್ಕು ದೊಡ್ಡ ಬಕೆಟ್, ಅಂದರೆ 80 ಲೀಟರ್ ಹದವಾದ ಬಿಸಿನೀರು ಎನ್ನಿ. ದಿನಕ್ಕೆ ಸುಮಾರು ಒಂದೂವರೆ ಯೂನಿಟ್, ತಿಂಗಳಿಗೆ 45. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ಟೂ ಎಲ್ಲರಿಗೂ ಪುಕ್ಕಟೆ ಎಂದುಕೊಳ್ಳಬೇಡಿ. ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ, ಅಷ್ಟೇ ಉಚಿತ. 200 ದಾಟಿತೋ, ಪೂರ್ತಿ ಬಿಲ್ ನಿಮ್ಮ ತಲೆಗೆ!

ಈಗ ಹೀಟ್ ಪಂಪ್ ಎಂಬುದೊಂದಿದೆ. ಫ್ರಿಜ್ಜಿನ ಹಿಂಬದಿ ಬೆಚ್ಚಗಿರುತ್ತದಲ್ಲವೇ? ಒಳಗಿನ ಶಾಖವನ್ನು ಅದು ಹೊರಗೆ ತಳ್ಳುತ್ತದೆ. ಇದು ಹೊರಗಿನ ಗಾಳಿಯ ಶಾಖವನ್ನೆಳೆದು ನೀರಿಗೆ ಸೇರಿಸುತ್ತದೆ. ಕರೆಂಟು ಬೇಕಾಗುವುದು ಆ ಸಾಗಾಟಕ್ಕೆ ಮಾತ್ರ. ಗೀಸರಿನ ಮೂರನೇ ಒಂದು ಪಾಲು ಸಾಕು. ಬೆಲೆ ಮಾತ್ರ ಹಲವು ಪಟ್ಟು. ಹಾಸ್ಟೆಲ್, ದೊಡ್ಡ ಕುಟುಂಬಕ್ಕೆ ಸರಿ. ಸ್ವಂತ ತಾರಸಿಯಿದ್ದರೆ ನಾನಂತೂ ಮೊದಲು ಸೋಲಾರ್ ಹೀಟರ್ ಎನ್ನುತ್ತೇನೆ. ಗೀಸರೇ ಆಗಬೇಕೆಂದರೆ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಮೊದಲು ನೋಡಿಸಿ.

ಹೊಗೆಯ ಕಷ್ಟ ನಾನೂ ಬಲ್ಲೆ. 1980ರ ದಶಕದಲ್ಲಿ ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಪ್ರಯೋಗಿಸಿದ್ದು ಸೌದೆಯನ್ನೂ ಹೊಗೆಯನ್ನೂ ತಗ್ಗಿಸಲೆಂದೇ.

ಹಾಗೆಂದು ಹಂಡೆಯನ್ನು ಗುಜರಿಗೆ ಹಾಕಬೇಡಿ. ಕರೆಂಟು ಹೋದ ದಿನಕ್ಕೆ, ದೀಪಾವಳಿಯ ಎಣ್ಣೆಸ್ನಾನಕ್ಕೆ ಬೇಕಾಗುತ್ತದೆ. ತೆಂಗಿನ ಮಟ್ಟೆ, ಕರಟಕ್ಕೆ ನಮ್ಮ ಕಡೆ ಬರವೇ?