ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ

ಕಳೆದ ವರ್ಷ ನಮ್ಮ ಹಾಸ್ಟೆಲಿನಲ್ಲಿ ನಡೆದ ಒಂದು ವಾಗ್ವಾದವೇ ಈ ಲೇಖನಕ್ಕೆ ಕಾರಣ. ಕನ್ನಡದ ಅತ್ಯಂತ ಪ್ರಾಚೀನ ಶಾಸನ ಯಾವುದೆಂಬ ಮಾತು ಬಂದಾಗ ನಾನು ಹಿಂದುಮುಂದು ನೋಡದೆ ‘ಹಲ್ಮಿಡಿ’ ಎಂದೆ. 1936ರಲ್ಲಿ ಬೇಲೂರು ತಾಲ್ಲೂಕಿನಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಆ ಶಾಸನ ನಮ್ಮ ಜಿಲ್ಲೆಯ ಹೆಮ್ಮೆಯಲ್ಲವೆ! ಆದರೆ ಚನ್ನರಾಯಪಟ್ಟಣದ ಮಿತ್ರನೊಬ್ಬ ಮೊಬೈಲಿನಲ್ಲಿ ವಿಕಿಪೀಡಿಯವನ್ನು ತೆರೆದು, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013ರಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದೆಂದು ಹೇಳಲಾಗಿದೆ ಎಂದು ಓದಿದ. ಹೊಳೆನರಸೀಪುರ, ಅರಕಲಗೂಡಿನವರೆಲ್ಲ ನನ್ನ ಪಕ್ಷ. ಆದರೂ ಮನೆಯ ಆಸ್ತಿಯೇ ಕೈಬಿಟ್ಟಂತಾಯಿತು.

ಆ ರಾತ್ರಿ ನಾನು ಮಾಡಿದುದನ್ನು ಹೇಳಲು ನಾಚಿಕೆಯಾಗುತ್ತದೆ. ‘ಸಂಪಾದಿಸಿ’ ಎಂಬುದನ್ನು ಒತ್ತಿ ಆ ಸಾಲನ್ನು ಅಳಿಸಿಬಿಟ್ಟೆ. ಬೆಳಗಾಗುವುದರೊಳಗೆ ಯಾರೋ ಅಪರಿಚಿತರು ಅದನ್ನು ಮರಳಿ ಸೇರಿಸಿ, ಅಳಿಸಿದ್ದಕ್ಕೆ ಆಧಾರವೇನೆಂದು ಕೇಳಿದ್ದರು. ಹೆಮ್ಮೆಯ ಹೊರತು ಬೇರೆ ಆಧಾರ ನನ್ನಲ್ಲಿರಲಿಲ್ಲ.

ವಿಕಿಪೀಡಿಯವನ್ನು ನಂಬಬೇಡಿರೆಂದು ನಮ್ಮ ಅಧ್ಯಾಪಕರಲ್ಲಿ ಕೆಲವರು ಹೇಳುವುದುಂಟು. ನನ್ನಂಥವನೂ ಅದನ್ನು ತಿದ್ದಬಹುದಾದುದರಿಂದ ಅವರ ಮಾತಿನಲ್ಲಿ ಹುರುಳಿದೆ. ಆದರೆ ಅಚ್ಚಾದುದೆಲ್ಲ ಸತ್ಯವೆಂಬ ನಂಬಿಕೆಗೂ ಮಿತಿಯಿರಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ. ವಿದ್ವಾಂಸರ ಪರಿಶ್ರಮದ ಆ ಮಹಾಗ್ರಂಥಕ್ಕೆ ನಾವು ಋಣಿಗಳು. ಆದರೂ 2013ರ ಶೋಧವನ್ನು ಅದು ತಾನಾಗಿ ಅರಿಯಲಾರದು. 2005ರಲ್ಲಿ ‘ನೇಚರ್’ ಪತ್ರಿಕೆ 42 ವಿಜ್ಞಾನ ವಿಷಯಗಳನ್ನು ಹೋಲಿಸಿದಾಗ, ಲೇಖನವೊಂದಕ್ಕೆ ವಿಕಿಪೀಡಿಯದಲ್ಲಿ ಸುಮಾರು ನಾಲ್ಕು, ಬ್ರಿಟಾನಿಕಾದಲ್ಲಿ ಸುಮಾರು ಮೂರು ತಪ್ಪುಗಳು ಕಂಡವಂತೆ. ಬ್ರಿಟಾನಿಕಾದವರು ಇದನ್ನು ಒಪ್ಪಲಿಲ್ಲ, ಅದು ಬೇರೆ ಮಾತು.

ಈ ಲೆಕ್ಕವನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲ. ಇಂಗ್ಲಿಷಿನ ಪುಟವನ್ನು ಸಾವಿರ ಕಣ್ಣುಗಳು ಕಾಯುತ್ತವೆ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವನ್ನು ಕಾಯುವವರು ಬೆರಳೆಣಿಕೆಯಷ್ಟು ಮಂದಿ. ನನ್ನ ಅದೃಷ್ಟಕ್ಕೆ ಒಬ್ಬರು ಎಚ್ಚರವಾಗಿದ್ದರು! 2010ರ ಸುಮಾರಿಗೆ ಗೂಗಲ್ ಸಂಸ್ಥೆಯು ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ಅನುವಾದ ಮಾಡಿಸಿ ಸೇರಿಸಿತು. ಅವುಗಳ ಕನ್ನಡ ಎಷ್ಟೋ ಕಡೆ ತಲೆಬುಡ ತಿಳಿಯದಂಥದು. ನಮ್ಮವರು ಬರೆಯದೆ ಬಿಟ್ಟ ಜಾಗವನ್ನು ತುಂಬಿದ್ದು ಹೀಗೆ. ಅಲ್ಲಿ ಬರೆದದ್ದೇ ನಮ್ಮ ಪ್ರಬಂಧಕ್ಕೆ, ಪತ್ರಿಕೆಗಳಿಗೆ, ಈಗ ಕೃತಕ ಬುದ್ಧಿಮತ್ತೆಯ ಉತ್ತರಗಳಿಗೂ ಇಳಿಯುತ್ತದೆ. ಪತ್ರಿಕೆಯಲ್ಲಿ ಬಂದ ಮೇಲೆ ಅದೇ ಪುನಃ ಆಧಾರವಾಗಿ ವಿಶ್ವಕೋಶಕ್ಕೆ ಮರಳಿದರೆ ಮೂಲವನ್ನು ಹುಡುಕುವುದು ಹೇಗೆ?

ಆದುದರಿಂದ, ದೂರುವುದರ ಬದಲು ನಾವು ಅಲ್ಲಿಗೆ ಹೋಗಿ ಬರೆಯಬೇಕೆಂಬುದು ನನ್ನ ನಮ್ರ ಅಭಿಪ್ರಾಯ. ಆದರೆ ಗ್ರಂಥದ ಹೆಸರು, ಪುಟದ ಸಂಖ್ಯೆಗಳೊಡನೆ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿಯೇ ಹೊರತಂದಿದ್ದಾರೆ. ಅದನ್ನು ಮುಂದಿಟ್ಟುಕೊಂಡು ಅರಕಲಗೂಡಿನವರು ತಮ್ಮೂರ ಶಾಸನಗಳನ್ನೂ, ಚನ್ನರಾಯಪಟ್ಟಣದವರು ಶ್ರವಣಬೆಳಗೊಳದ ಸುತ್ತಣ ಹಳ್ಳಿಗಳ ಶಾಸನಗಳನ್ನೂ ಕುರಿತು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ನಾನು ಅಳಿಸಿದ್ದು, ಆ ಅಪರಿಚಿತರು ಮರಳಿಸಿದ್ದು, ಎರಡೂ ಆ ಪುಟದ ಇತಿಹಾಸದಲ್ಲಿ ದಿನಾಂಕ ಸಹಿತ ಇಂದಿಗೂ ಇವೆ. ಯಾರು ಬೇಕಾದರೂ ನೋಡಬಹುದು.