ಚರ್ಚು ಮೊದಲು ತನ್ನೊಳಗಿನ ಜಾತಿಯನ್ನು ಲೆಕ್ಕ ಹಾಕಲಿ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪಾಲಿಗೆ ಭಾಯಾಗಡ್, ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ಜಯಂತಿಗೆಂದು ನಮ್ಮ ರಾಜ್ಯದ ತಾಂಡಾಗಳಿಂದಷ್ಟೇ ಅಲ್ಲ, ನೆರೆರಾಜ್ಯಗಳಿಂದಲೂ ಭಕ್ತರು ಇಲ್ಲಿಗೆ ಬರುತ್ತಾರೆ. ಆಡುವುದು ಒಂದೇ ಗೋರ್ ಬೋಲಿ, ನಂಬುವುದು ಒಬ್ಬನೇ ಸಂತನನ್ನು. ಸರ್ಕಾರಿ ಪಟ್ಟಿಗಳಲ್ಲಿ ಮಾತ್ರ ಅವರು ಬೇರೆ ಬೇರೆ. ಕರ್ನಾಟಕದ ಲಂಬಾಣಿ ಪರಿಶಿಷ್ಟ ಜಾತಿ, ತೆಲಂಗಾಣದ ಲಂಬಾಡಿ ಪರಿಶಿಷ್ಟ ಪಂಗಡ. ಈ ವ್ಯತ್ಯಾಸದ ನಿಜವಾದ ಭಾರ ತಿಳಿಯುವುದು ಯಾರಾದರೂ ಕ್ರೈಸ್ತರಾದಾಗ. ಪಂಗಡದ ಪಟ್ಟಿಗೆ ಧರ್ಮದ ಷರತ್ತಿಲ್ಲ, ಹಾಗಾಗಿ ತೆಲಂಗಾಣದವರು ಮತ ಬದಲಿಸಿದ ಮಾತ್ರಕ್ಕೆ ಪಂಗಡದ ಸ್ಥಾನ ಕಳೆದುಕೊಳ್ಳುವುದಿಲ್ಲ. ಜಾತಿಯ ಪಟ್ಟಿಗೆ ಷರತ್ತಿದೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು, ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಕ್ರೈಸ್ತನಾದವನಿಗೆ ಜಾತಿ ಇರುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಷರತ್ತು ನಿಂತಿದೆ. ಆ ನಂಬಿಕೆ ನಿಜವೇ ಎಂದು ಹೇಳಬೇಕಾದವರು ಮೊದಲಿಗೆ ನ್ಯಾಯಾಧೀಶರೂ ಅಲ್ಲ, ರಾಜಕಾರಣಿಗಳೂ ಅಲ್ಲ. ಅದು ಚರ್ಚಿನ ಹೊಣೆ, ಮತ್ತು ಚರ್ಚು ಇಷ್ಟು ಕಾಲ ಆ ಹೊಣೆಯನ್ನು ಅರ್ಧಮನಸ್ಸಿನಿಂದ ಹೊತ್ತಿದೆ.

ಕ್ರೈಸ್ತ ಬೋಧನೆಯಲ್ಲಿ ಸಮಾನತೆ ಆಮೇಲೆ ಅಂಟಿಸಿದ ಅಲಂಕಾರವಲ್ಲ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಕ್ರಿಸ್ತನಲ್ಲಿ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಅಂತರ ಉಳಿಯುವುದಿಲ್ಲ ಎನ್ನುತ್ತಾನೆ. ಅದೇ ಪತ್ರದಲ್ಲಿ ಅಂತಿಯೋಕ್ಯದ ಒಂದು ಜಗಳದ ವಿವರವಿದೆ. ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ ಪೇತ್ರನು, ತನ್ನ ಕಡೆಯ ಕೆಲವರು ಬಂದ ಕೂಡಲೇ ಅವರಿಗೆ ಅಂಜಿ ಆ ಊಟದಿಂದ ಹಿಂದೆ ಸರಿದ. ಪೌಲನು ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಚರ್ಚಿನ ಮೊದಲ ತಲೆಮಾರಿನ ದೊಡ್ಡ ವಿವಾದಗಳಲ್ಲಿ ಒಂದು ಪಂಕ್ತಿಭೇದದ ಬಗ್ಗೆ ನಡೆಯಿತು, ಅದರಲ್ಲಿ ಅತ್ಯಂತ ಹಿರಿಯ ಶಿಷ್ಯನೇ ತಪ್ಪಿತಸ್ಥನಾದ ಎಂಬುದನ್ನು ಕನ್ನಡದ ಓದುಗರು ಗಮನಿಸಬೇಕು. ಪಂಕ್ತಿಭೇದ ಮಾಡುವ ಚರ್ಚು ಬರೀ ಸಾಮಾಜಿಕ ತಪ್ಪು ಮಾಡುತ್ತಿಲ್ಲ, ತನ್ನ ಧರ್ಮಗ್ರಂಥವನ್ನೇ ಮೀರುತ್ತಿದೆ.

ಆದರೂ ದಕ್ಷಿಣ ಭಾರತದಲ್ಲಿ ಆ ಭೇದ ಬೇಗನೇ ಒಳಗೆ ಬಂತು. 1606ರಲ್ಲಿ ಮದುರೆಗೆ ಬಂದ ಜೆಸ್ವಿತ್ ಪಾದ್ರಿ ರಾಬರ್ಟೊ ಡಿ ನೊಬಿಲಿ ಮೇಲ್ಜಾತಿಯವರನ್ನು ಸೆಳೆಯಲು ಜನಿವಾರವನ್ನೂ ಸನ್ಯಾಸಿಯ ವೇಷವನ್ನೂ ಒಪ್ಪಿಕೊಂಡರು. ಕಾಲಕ್ರಮದಲ್ಲಿ ಮೇಲ್ಜಾತಿಯವರಿಗೆ ಒಂದು ಬಗೆಯ ಪಾದ್ರಿಗಳು, ಅಸ್ಪೃಶ್ಯರಿಗೆ ಇನ್ನೊಂದು ಬಗೆಯವರು ಎಂಬ ಏರ್ಪಾಟು ಬೆಳೆಯಿತು. ಈ ಆಚಾರಗಳ ವಿವಾದ ರೋಮಿನವರೆಗೂ ಹೋಗಿ, 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಅವುಗಳಲ್ಲಿ ಹಲವುಗಳ ವಿರುದ್ಧ ಕಟ್ಟಪ್ಪಣೆ ಹೊರಡಿಸಿದರು. ಗೋವೆಯಿಂದ ಕರಾವಳಿಗೆ ಬಂದ ಕೊಂಕಣಿ ಕ್ಯಾಥೊಲಿಕರು ಬಾಮಣ, ಚಾರಡಿ, ಶೂದ್ರ ಎಂಬ ಗುರುತುಗಳನ್ನು ಜೊತೆಗೇ ತಂದರು. ಮದುವೆಯ ಮಾತುಕತೆಗಳಲ್ಲಿ ಆ ಗುರುತುಗಳು ಶತಮಾನಗಳ ಕಾಲ ಬಾಳಿದವು. ಪ್ರೊಟೆಸ್ಟೆಂಟರು ಹೆಚ್ಚು ಕಟುವಾಗಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನೊಳಗೆ ಜಾತಿ ಕೂಡದೆಂದು ಆದೇಶಿಸಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜಾತಿ ಬಿಟ್ಟವರನ್ನು ಮಾತ್ರ ಸಭೆಗೆ ಸೇರಿಸಿಕೊಂಡಿತು. ಹಾಗೆ ಸೇರಿದವರಿಗೆ ಊರಲ್ಲಿ ಕೆಲಸವೂ ನೆಲೆಯೂ ತಪ್ಪಿದಾಗ ನೇಯ್ಗೆ ಮಗ್ಗಗಳನ್ನು ಹೂಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಜಾತಿ ಬಿಡು ಎನ್ನುವುದು ಸುಲಭ, ಬಿಟ್ಟವನ ಹೊಟ್ಟೆಪಾಡಿಗೆ ದಾರಿ ಮಾಡುವುದು ಕಷ್ಟ. ಬಾಸೆಲ್ ಮಿಷನ್ ಆ ಕಷ್ಟವನ್ನು ಮೈಮೇಲೆ ಹಾಕಿಕೊಂಡಿತು. ಇಂದಿನ ಚರ್ಚಿಗೆ ಅದರಲ್ಲಿ ಪಾಠವಿದೆ.

ಇಂದಿನ ಸ್ಥಿತಿಗೆ ಚರ್ಚಿನದೇ ಸಾಕ್ಷ್ಯ ಬೇಕಾದಷ್ಟಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ಚಿಂತನೆ ಮೊಳೆಯಿತು. ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ಕಣ್ಣಿನಿಂದಲೇ ನೋಡುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು. 2016ರ ಡಿಸೆಂಬರಿನಲ್ಲಿ ಭಾರತೀಯ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ ದಲಿತ ಸಬಲೀಕರಣ ನೀತಿಯನ್ನು ಹೊರತಂದು, ಚರ್ಚಿನೊಳಗೂ ಅಸ್ಪೃಶ್ಯತೆ ಇದೆ ಎಂದು ಬರಹದಲ್ಲೇ ಒಪ್ಪಿಕೊಂಡಿತು. ದೇಶದ ಕ್ಯಾಥೊಲಿಕರಲ್ಲಿ ಬಹುಪಾಲು ದಲಿತ ಮೂಲದವರು, ಆದರೆ ದಲಿತ ಸಮುದಾಯದ ಮೊದಲ ಕಾರ್ಡಿನಲ್ ಆಗಿ ಹೈದರಾಬಾದಿನ ಆಂಥೋನಿ ಪೂಲ ಅವರನ್ನು ಕಾಣಲು 2022ರವರೆಗೆ ಕಾಯಬೇಕಾಯಿತು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನೂ ಉಳಿದವರ ಗೋರಿಗಳನ್ನೂ ಬೇರ್ಪಡಿಸುವ ಗೋಡೆ ದಶಕಗಳ ಹೋರಾಟಕ್ಕೆ ಕಾರಣವಾಯಿತು. ಸರ್ಕಾರಕ್ಕೂ ಇದು ಗೊತ್ತಿಲ್ಲದ್ದಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇತರ ಕ್ರೈಸ್ತರು ಪ್ರವರ್ಗ 3ಬಿಯಲ್ಲಿದ್ದರೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಮತಾಂತರದ ನಂತರವೂ ಹಿಂದುಳಿದಿರುವಿಕೆ ಅಳಿಯುವುದಿಲ್ಲ ಎಂದು ನಮ್ಮದೇ ರಾಜ್ಯ ಒಪ್ಪಿದಂತಾಯಿತು. ಆದರೆ ಮೀಸಲು ಕ್ಷೇತ್ರವಾಗಲಿ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಾಗಲಿ ಅವರಿಗಿಲ್ಲ.

ನ್ಯಾಯಾಲಯಗಳೂ ಈ ಗಂಟನ್ನು ಬಿಡಿಸಲು ಹೆಣಗಿವೆ. ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ 1967ರಲ್ಲಿ ಗೆದ್ದ ಎಸ್. ರಾಜಗೋಪಾಲ್ ಹಿಂದೆ ಕ್ರೈಸ್ತರಾಗಿದ್ದರೆಂಬ ಕಾರಣಕ್ಕೆ ಆ ಗೆಲುವು ರದ್ದಾಯಿತು. 1972ರಲ್ಲಿ ಅವರು ಮತ್ತೆ ಗೆದ್ದಾಗ, ಹಿಂದೂ ಧರ್ಮಕ್ಕೆ ಮರಳಿದ ಅವರನ್ನು ಜಾತಿಯವರು ಒಪ್ಪಿಕೊಂಡಿದ್ದಾರೆಂದು ಸುಪ್ರೀಂ ಕೋರ್ಟ್ ಆ ಗೆಲುವನ್ನು ಎತ್ತಿಹಿಡಿಯಿತು. 1985ರ ಸೂಸೈ ಪ್ರಕರಣದಲ್ಲಿ ಮದ್ರಾಸಿನ ರಸ್ತೆಬದಿಯ ಆದಿ ದ್ರಾವಿಡ ಕ್ರೈಸ್ತ ಚಮ್ಮಾರರೊಬ್ಬರು ಇತರ ಚಮ್ಮಾರರಿಗೆ ಸಿಕ್ಕ ಅಂಗಡಿ ಗೂಡು ತನಗೂ ಬೇಕೆಂದು ಕೇಳಿದರು. ಜಾತಿ ಉಳಿದಿದೆ ಎಂದರೆ ಸಾಲದು, ಕ್ರೈಸ್ತ ಸಮಾಜದಲ್ಲೂ ಅದರ ಶೋಷಣೆ ಅಷ್ಟೇ ತೀವ್ರವಾಗಿದೆ ಎಂಬುದಕ್ಕೆ ಪುರಾವೆ ಬೇಕು ಎಂದಿತು ಕೋರ್ಟ್. ಆ ಪುರಾವೆಯನ್ನು ಒದಗಿಸುವ ಸಾಮರ್ಥ್ಯ ಬಡ ಚಮ್ಮಾರನಿಗೆ ಎಲ್ಲಿಂದ ಬರಬೇಕು? ಜ್ಞಾನಸ್ನಾನ, ಮದುವೆ, ಮರಣಗಳ ದಾಖಲೆ ಇರುವುದು ಚರ್ಚಿನ ಕಪಾಟಿನಲ್ಲಿ. ಶಾಲೆ, ಆಸ್ಪತ್ರೆಗಳ ನೇಮಕಾತಿಯ ಕಡತ ಇರುವುದು ಅದರ ಕಚೇರಿಯಲ್ಲಿ.

ಸಮಸ್ಯೆಯ ತಿರುಳು ಇಲ್ಲಿದೆ. ಹೊರಗಿನವರೆದುರು ಚರ್ಚು ನಮ್ಮಲ್ಲಿ ಜಾತಿಯಿಲ್ಲ ಎನ್ನುತ್ತದೆ, ದೆಹಲಿಗೆ ಹೋಗಿ ನಮ್ಮ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡಿ ಎನ್ನುತ್ತದೆ. ಮೊದಲ ಮಾತು ಎರಡನೆಯದನ್ನು ತಿಂದುಹಾಕುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ಪಟ್ಟಿಯಲ್ಲಿ ಲಂಬಾಣಿ ಕ್ರೈಸ್ತ, ಮಾದಿಗ ಕ್ರೈಸ್ತ ಎಂಬಂಥ ಹೆಸರುಗಳು ಕಂಡಾಗ ಗದ್ದಲವೆದ್ದಿತು, ಆಯೋಗ ಅವನ್ನು ಮರೆಮಾಡಿತು. ವಿರೋಧಿಸಿದವರ ಉದ್ದೇಶ ಏನೇ ಇರಲಿ, ಹೆಸರು ಅಳಿಸಿದರೆ ಆ ಮನೆಗಳು ಅಳಿಯುವುದಿಲ್ಲ. ಲೆಕ್ಕಕ್ಕೆ ಸಿಗದ ಬಡವರ ಪರವಾಗಿ ಯಾವ ನ್ಯಾಯಾಲಯದಲ್ಲೂ ವಾದಿಸಲಾಗದು.

ಇದಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಲ್ಲೂ ಜಾತಿ ಇದ್ದರೆ ಮತ ಬದಲಿಸಿ ಸಿಕ್ಕಿದ್ದೇನು ಎಂದು ಕೇಳುವವರಿದ್ದಾರೆ. ಅನೇಕರಿಗೆ ಅಕ್ಷರ ಸಿಕ್ಕಿತು, ದೇವರ ಮುಂದೆ ತಲೆಯೆತ್ತಿ ನಿಲ್ಲುವ ಧೈರ್ಯ ಸಿಕ್ಕಿತು. ಸಿಗದೆ ಹೋದದ್ದಕ್ಕೆ ಹೊಣೆ ಬಿಟ್ಟುಬಂದ ಸಮಾಜ ಮತ್ತು ಸೇರಿದ ಸಭೆ ಎರಡರದ್ದೂ ಹೌದು. ಸಿಖ್ ಮತ್ತು ಬೌದ್ಧ ಧರ್ಮಗಳೂ ಜಾತಿಯನ್ನು ಒಪ್ಪುವುದಿಲ್ಲ, ಆದರೂ ಆ ಧರ್ಮಗಳ ದಲಿತರ ಸ್ಥಾನವನ್ನು ನಾವು ಉಳಿಸಿದ್ದೇವೆ. ತಮ್ಮ ಪಾಲು ಕರಗೀತೆಂಬ ಹೊಲೆಯ, ಮಾದಿಗ, ಲಂಬಾಣಿ, ಭೋವಿ ಸಮುದಾಯಗಳ ಭಯ ಇನ್ನೂ ಗಂಭೀರವಾದದ್ದು. ಇಂದು ಮತ ಬದಲಿಸಿದ ಕುಟುಂಬ ನಿನ್ನೆಯವರೆಗೂ ಅದೇ ಪಾಲಿನಲ್ಲಿತ್ತು, ಅದರಿಂದ ಹೊಸ ಹೊರೆಯಿಲ್ಲ. ತಲೆಮಾರುಗಳ ಹಿಂದೆಯೇ ಕ್ರೈಸ್ತರಾದವರು ಸೇರಿದರೆ ಹೊರೆ ಖಂಡಿತ ಬರುತ್ತದೆ, ಅದಕ್ಕೆ ತಕ್ಕಂತೆ ಒಟ್ಟು ಪ್ರಮಾಣ ಹೆಚ್ಚಬೇಕು. ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದಿಂದ ಬೇರ್ಪಡಿಸಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿದೆ. 2022ರಲ್ಲಿ ಕೇಂದ್ರವು ಇದೇ ಪ್ರಶ್ನೆಯ ಪರಿಶೀಲನೆಗೆ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನೂ ನೇಮಿಸಿತು. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ವಿಸ್ತರಿಸುವುದರಿಂದಂತೂ ಯಾರ ಉದ್ಯೋಗವೂ ಸೀಟೂ ಕಡಿಮೆಯಾಗದು, ಅಲ್ಲಿಂದಲೇ ಆರಂಭಿಸಬಹುದು.

ಕ್ರೈಸ್ತರೊಳಗಿನ ಆಕ್ಷೇಪವೂ ಒಂದಿದೆ. 2022ರ ಮತಾಂತರ ನಿಷೇಧ ಕಾಯ್ದೆಯ ಕಾಲದಿಂದ ಪ್ರಾರ್ಥನಾಸಭೆಗಳು ಅನುಮಾನದ ಕಣ್ಣಿಗೆ ಬಿದ್ದಿವೆ, ಇಂಥ ಹೊತ್ತಿನಲ್ಲಿ ನಮ್ಮ ಕೊರತೆಯನ್ನು ಬೀದಿಗೆ ತಂದರೆ ವಿರೋಧಿಗಳ ಕೈಗೆ ಆಯುಧ ಕೊಟ್ಟಂತೆ ಎಂಬ ಅಂಜಿಕೆ ಅದು. ಅಂಜಿಕೆ ಸಕಾರಣವಾದದ್ದೇ, ಆದರೆ ಮೌನದ ಬೆಲೆ ತೆರುವವರು ದಲಿತ ವಿಶ್ವಾಸಿಗಳು: ಹೊರಗೆ ಕ್ರೈಸ್ತರೆಂದು ಏಟು, ಒಳಗೆ ಜಾತಿಯವರೆಂದು ಏಟು. ಪೌಲನು ಪೇತ್ರನನ್ನು ಖಂಡಿಸಿದ್ದು ಸಭೆ ಬಲಹೀನವಾಗಿದ್ದ ಕಾಲದಲ್ಲೇ. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಚರ್ಚು ವರ್ಣಭೇದಕ್ಕೆ ಬೈಬಲ್ಲಿನ ಸಮರ್ಥನೆ ಕೊಟ್ಟಿತ್ತು. 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ವಿಶ್ವ ರಿಫಾರ್ಮ್ಡ್ ಒಕ್ಕೂಟ ಆ ಸಮರ್ಥನೆಯನ್ನು ಧರ್ಮಭ್ರಷ್ಟತೆ ಎಂದು ಘೋಷಿಸಿತು. ಹಾಗೆ ಹೊರಗೆಡವಿದ್ದರಿಂದ ಕ್ರೈಸ್ತ ಧರ್ಮ ಕುಸಿಯಲಿಲ್ಲ, ಅದರ ಮಾತಿಗೆ ಬೆಲೆ ಹೆಚ್ಚಿತು.

ಹಾಗಾದರೆ ಕರ್ನಾಟಕದ ಚರ್ಚುಗಳು ಏನು ಮಾಡಬೇಕು? ಪ್ರತಿ ಧರ್ಮಪ್ರಾಂತ್ಯವೂ ತನ್ನ ವಿಶ್ವಾಸಿಗಳು, ಪಾದ್ರಿಗಳು, ಸಮಿತಿ ಸದಸ್ಯರು, ನೌಕರರ ಜಾತಿ ಹಿನ್ನೆಲೆಯ ಸಮೀಕ್ಷೆ ನಡೆಸಿ ಪ್ರಕಟಿಸಲಿ. ಇಷ್ಟವಿಲ್ಲದವರು ಹೇಳದೆ ಇರುವ ಸ್ವಾತಂತ್ರ್ಯ ಇರಲಿ. ಅದು ಸೂಸೈ ಪ್ರಕರಣದಲ್ಲಿ ಸಿಗದ ಪುರಾವೆಯಾಗುತ್ತದೆ. ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಗಳಿಗೆ ಸಂವಿಧಾನದ 15(5)ನೇ ವಿಧಿ ಮೀಸಲಾತಿಯಿಂದ ವಿನಾಯಿತಿ ನೀಡಿದೆ. ಆ ವಿನಾಯಿತಿಯ ಲಾಭ ಕ್ರೈಸ್ತರಲ್ಲಿ ಮೊದಲೇ ಮುಂದಿರುವವರಿಗಷ್ಟೇ ದಕ್ಕದಂತೆ, ಸೀಟು, ಹುದ್ದೆ, ಆಡಳಿತ ಮಂಡಳಿಗಳಲ್ಲಿ ದಲಿತ ಕ್ರೈಸ್ತರಿಗೆ ನಿಗದಿತ ಪಾಲು ಕೊಡಲಿ. 1950ರ ಆದೇಶದ ಮೂರನೇ ಪ್ಯಾರಾ ಹೋಗಲೇಬೇಕು, ಆದರೆ ಅದು ಆಯೋಗ, ಕೋರ್ಟು, ಸಂಸತ್ತುಗಳನ್ನು ದಾಟಬೇಕಾದ ದಾರಿ. ಚರ್ಚಿನ ಕಾಲೇಜಿನ ನೇಮಕಾತಿ ನಿಯಮ ಬದಲಿಸಲು ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ಆಡಳಿತ ಮಂಡಳಿಯ ಒಂದು ಸಭೆಯ ನಿರ್ಣಯ ಸಾಕು. ಆ ನಿರ್ಣಯವನ್ನು ಕೈಗೊಂಡ ಚರ್ಚಿಗೆ, ದಲಿತ ಕ್ರೈಸ್ತರ ನ್ಯಾಯ ಕೇಳಿ ಸರ್ಕಾರದ ಮುಂದೆ ನಿಲ್ಲುವ ಪೂರ್ಣ ನೈತಿಕ ಹಕ್ಕು ಬರುತ್ತದೆ.